ಮೆಂತ್ಯದ ಹೊಲದ ಪಕ್ಕದ ದಾರಿ

ಪ್ಲೈವುಡ್ ಸುಡುವ ವಾಸನೆ ಕಟ್ಟಿಗೆ ಸುಡುವ ವಾಸನೆಯ ಹಾಗಲ್ಲ. ಅದರೊಳಗಿನ ಅಂಟು ಕರಗಿ ಮೂಗಿನಲ್ಲಿ ಕಹಿಯಾಗಿ ನಿಲ್ಲುತ್ತದೆ. ಆ ಉರಿಯ ಮೇಲೆ ಜೋಳದ ರೊಟ್ಟಿ ಬೇಯುತ್ತಿದ್ದರೆ ಕಹಿಯ ಹಿಂದೆಯೇ ಹಸಿವೂ ಬರುತ್ತದೆ. ಈ ಮಳೆಗಾಲದಲ್ಲಿ ಒಂದು ಹಳೆಯ ಕೇಸಿನ ಸಾಕ್ಷಿ ಹೇಳಲು ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯ ಕಡೆ ಹೋಗಿದ್ದೆ. ಮರಳುವಾಗ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಆ ವಾಸನೆ ಜೀಪಿನೊಳಕ್ಕೆ ನುಗ್ಗಿತು. ಡ್ರೈವರನಿಗೆ ನಿಲ್ಲಿಸಲು ಹೇಳಿದೆ.

ತಗಡಿನ ಮನೆಗಳ ಸಾಲಿನ ಕೊನೆಯಲ್ಲಿ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಯಂತ್ರದ ಪೆಟ್ಟಿಗೆಗಳನ್ನು ಒಡೆದ ಪ್ಲೈವುಡ್ ಚೂರುಗಳ ಗುಡ್ಡೆ. ನನಗೆ ಪರಿಚಯದವಳಲ್ಲ. ಖಾಕಿ ಕಂಡದ್ದೇ ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು. ಏನಿಲ್ಲವೆಂದು ಕೈ ಆಡಿಸಿ ಮುಂದೆ ನಡೆದೆ. ನನ್ನನ್ನು ಕಂಡು ಹೀಗೆ ಕೈಗಳು ನಿಲ್ಲುವುದನ್ನು ನಾನು ಮೊದಲು ಕಂಡದ್ದು ಇದೇ ಜಾಗದಲ್ಲಿ. ವರ್ಷಗಳ ಹಿಂದಿನ ಮಾತು, ಇಲ್ಲಿಯ ಪೊಲೀಸ್ ಚೌಕಿಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಬಂದ ವರ್ಷ ಅದು. ಮಳೆ ಹಿಡಿದು ಕೂತ ಆಷಾಢ.

ನನ್ನ ಹೆಸರು ಶೈಲಜಾ ಪಾಟೀಲ. ಮಹಾರಾಷ್ಟ್ರದಲ್ಲಿ ಪಾಟೀಲ ಎಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಆದರೆ ನನ್ನ ಅಪ್ಪ ಬೈಲಹೊಂಗಲದ ಕಡೆಯವರು. ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲಿಯೇ ಉಳಿದರು. ನಾನು ಹುಟ್ಟಿದ್ದು, ಓದಿದ್ದು, ಪೊಲೀಸ್ ಪರೀಕ್ಷೆ ಬರೆದದ್ದು ಎಲ್ಲ ಇಲ್ಲಿಯೇ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ. ಅದು ನಮಗೆ ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಹಜ. ಇಲಾಖೆಯಲ್ಲಿ ನಾನು ಕನ್ನಡದವಳೆಂದು ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದೆನೆಂದಲ್ಲ, ಯಾರೂ ಕೇಳಿರಲಿಲ್ಲ.

ಚೌಕಿಯಲ್ಲಿ ನಾನೊಬ್ಬಳೇ ಹೆಣ್ಣು. ಉಳಿದವರು ಕೆಟ್ಟವರೇನಲ್ಲ. ಆದರೆ ನಾನು ಒಳಗೆ ಕಾಲಿಟ್ಟರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಹೊರಗೆ ಹೋದಮೇಲೆ ಬೆನ್ನಿಗೆ ನಗು ಕೇಳುತ್ತಿತ್ತು. ‘ಲೇಡೀಸ್ ಮ್ಯಾಟರ್’ ಎಂದು ಬಂದದ್ದೆಲ್ಲ ನನ್ನ ಮೇಜಿಗೆ. ಗಂಡ ಹೊಡೆದದ್ದು, ಹುಡುಗಿ ಓಡಿಹೋದದ್ದು, ಅತ್ತೆ ಸೊಸೆಯರ ಪಂಚಾಯ್ತಿ. ಹೊಲದ ಜಗಳ, ಕಾರ್ಖಾನೆಯ ಗೇಟಿನ ಗಲಾಟೆ, ಊರಿನ ಮೆರವಣಿಗೆ ಎಲ್ಲ ಗಂಡಸರಿಗೆ. ಅವುಗಳಿಗೆ ನನ್ನನ್ನು ಕರೆಯುತ್ತಿದ್ದದ್ದು ಎದುರುಗಡೆ ಹೆಂಗಸರು ನಿಂತಿದ್ದರೆ ಮಾತ್ರ, ಅವರನ್ನು ಎಳೆದು ಬದಿಗೆ ಸರಿಸಲು.

ನಿವೃತ್ತ ಮಾಸ್ತರರೊಬ್ಬರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಒಬ್ಬಳಿಗಾಗಿ ಅನ್ನ ಮಾಡುವುದು ಕಷ್ಟ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಉಳಿಯುತ್ತದೆ. ಮಳೆಯಲ್ಲಿ ಯೂನಿಫಾರ್ಮ್ ಒಣಗುತ್ತಿರಲಿಲ್ಲ. ಕೋಣೆಯ ನಡುವೆ ಕಟ್ಟಿದ ಹಗ್ಗದಿಂದ ನನ್ನದೇ ಖಾಕಿ ಅಂಗಿ ಕೈ ಇಳಿಬಿಟ್ಟುಕೊಂಡು ನಿಂತಂತೆ ಕಾಣುತ್ತಿತ್ತು. ಸಂಜೆ ಬಾಗಿಲು ತೆಗೆದಾಗ ಕೋಣೆಯಲ್ಲಿ ಮತ್ತೊಬ್ಬರಿದ್ದಾರೆ ಎನ್ನಿಸುವುದು ಅದೊಂದರಿಂದಲೇ. ಅಣ್ಣನ ಮನೆಯಿಂದ ಅವ್ವ ಫೋನು ಮಾಡುತ್ತಿದ್ದಳು.

“ಉಂಡೇನವ್ವಾ?”

“ಉಂಡೆ.”

“ಏನ್ ಮಾಡಿದ್ದಿ?”

“ಅನ್ನ, ಸಾರು.”

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮೊದಲೆಲ್ಲ ಇದರ ನಡುವೆ ಯಾವುದಾದರೂ ವರನ ಸುದ್ದಿ ಇರುತ್ತಿತ್ತು. ಆ ವರ್ಷ ಅವ್ವ ಅದನ್ನು ನಿಲ್ಲಿಸಿದ್ದಳು. ನಾನು ನಿರಾಳವಾಗಬೇಕಿತ್ತು. ಆಗಲಿಲ್ಲ.

ಪಂಢರಪುರದ ಯಾತ್ರೆಗೆ ಹೊರಟ ಪಾಲಖಿ ಸಾಸವಡಕ್ಕೆ ಬಂದಿದ್ದಾಗ ನಮ್ಮನ್ನೂ ಬಂದೋಬಸ್ತಿಗೆ ಹಾಕಿದ್ದರು. ಇಡೀ ದಿನ ಬೂಟಿನೊಳಗೆ ನೀರು, ಕಿವಿಯಲ್ಲಿ ತಾಳದ ಸದ್ದು. ವಾರಕರಿ ಹೆಂಗಸರು ತಲೆಯ ಮೇಲೆ ತುಳಸಿ ಹೊತ್ತು ಮಳೆಯಲ್ಲೇ ಕುಣಿಯುತ್ತಾ ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಆಗ ನಮ್ಮ ಇನ್‌ಸ್ಪೆಕ್ಟರ್ ಗಾಯಕವಾಡರ ಫೋನು ಬಂತು.

“ಪಾಟೀಲ, ಈಗಲೇ ಚೌಕಿಗೆ ಹೊರಡಿ. ವಾಡಿಯವರಿಗೂ ಲೇಬರ್ ಕ್ಯಾಂಪಿನವರಿಗೂ ಹೊಡೆದಾಟವಾಗಿದೆ. ಹೆಂಗಸರು ಅಡ್ಡ ಬಂದರೆ ನೀವು ಬೇಕಾಗುತ್ತೀರಿ.”

ವಾಡಿ ಎಂದರೆ ಕಾರ್ಖಾನೆಗಳಿಗಿಂತ ಮೊದಲೇ ಅಲ್ಲಿದ್ದ ಸಣ್ಣ ಊರು. ಅದರ ಆಚೆ, ಹೊಸ ಕಾರ್ಖಾನೆ ಕಟ್ಟಲು ಬಂದವರ ತಗಡಿನ ಮನೆಗಳು. ಬಂದವರೆಲ್ಲ ಯಾದಗಿರಿ, ಕಲಬುರಗಿಯ ಕಡೆಯವರು. ಊರಿಗೂ ಕ್ಯಾಂಪಿಗೂ ನಡುವೆ ಹೊಲಗಳನ್ನು ಹಾದು ಹೋಗುವ ಕಚ್ಚಾ ದಾರಿಯೊಂದಿತ್ತು. ಟ್ಯಾಂಕರಿನ ನೀರು ಸಾಲದ್ದರಿಂದ ಕ್ಯಾಂಪಿನ ಹೆಂಗಸರು ಊರ ನಲ್ಲಿಗೆ ಬರುತ್ತಿದ್ದದ್ದು ಆ ದಾರಿಯಲ್ಲಿ. ಮಕ್ಕಳನ್ನು ಲಸಿಕೆಯ ಸೂಜಿ ಹಾಕಿಸಲು ಊರಿಗೆ ಕರೆದೊಯ್ಯುತ್ತಿದ್ದದ್ದೂ ಆ ದಾರಿಯಲ್ಲಿ. ಅದನ್ನು ಬಿಟ್ಟರೆ ಕಂಟೇನರ್ ಲಾರಿಗಳ ಹೆದ್ದಾರಿಯಲ್ಲಿ ಸುತ್ತಿ ಹೋಗಬೇಕು.

ನಡೆದದ್ದು ಇಷ್ಟು ಎಂದು ನನಗೆ ತಿಳಿಸಿದರು. ಬೆಳಿಗ್ಗೆ ಕ್ಯಾಂಪಿನ ಟ್ಯಾಂಕರ್ ಟ್ರ್ಯಾಕ್ಟರು ಆ ದಾರಿಯಲ್ಲಿ ಊರಿನ ಸಾಗರ ಎಂಬ ಹುಡುಗನ ಬೈಕಿಗೆ ಗುದ್ದಿದೆ. ಅವನ ಕಾಲು ಮುರಿದಿದೆ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಮಲ್ಲಪ್ಪ. ಊರವರು ಹೋಗಿ ಕ್ಯಾಂಪಿನ ತಗಡುಗಳನ್ನು ಮುರಿದರು, ಕ್ಯಾಂಪಿನವರು ಊರಿನ ಟೆಂಪೋ ಗಾಜು ಒಡೆದರು. ಬೇಕೆಂದೇ ಹಾಯಿಸಿದ್ದಾನೆ, ಕೊಲ್ಲಲು ಬಂದಿದ್ದ ಎಂದು ಊರವರ ದೂರು. ಲಾಕಪ್ಪಿನಲ್ಲಿದ್ದ ಮಲ್ಲಪ್ಪನ ಬಾಯಿಂದ ಒಂದೇ ಮಾತು, “ಬ್ರೇಕ್ ಹತ್ತಲಿಲ್ರಿ ಸಾಹೇಬ್ರ.” ಟ್ರ್ಯಾಕ್ಟರನ್ನು ತಪಾಸಣೆ ಮಾಡಿಸಿದೆವು. ಬ್ರೇಕು ಸರಿಯಾಗಿಯೇ ಇತ್ತು.

ಶಾಂತಿ ಸಮಿತಿಯ ಮೊದಲ ಸಭೆ ಚೌಕಿಯಲ್ಲೇ ನಡೆಯಿತು. ಊರಿನ ಕಡೆಯಿಂದ, ಎಲ್ಲರೂ ನಾನಾ ಎಂದು ಕರೆಯುತ್ತಿದ್ದ ಮಾಜಿ ಸರಪಂಚರು ಮತ್ತು ಅವರ ಹಿಂದೆ ನಾಲ್ಕಾರು ಹಿರಿಯರು. ಕ್ಯಾಂಪಿನ ಕಡೆಯಿಂದ ಗುತ್ತಿಗೆದಾರ ಮತ್ತು ಅವನ ಮೇಸ್ತ್ರಿ. ಚಹಾದ ವ್ಯವಸ್ಥೆ ನೋಡಿಕೊಳ್ಳಿ ಎಂದು ಗಾಯಕವಾಡರು ನನಗೆ ಹೇಳಿದರು. ನೋಡಿಕೊಂಡೆ. ಎಲ್ಲರೂ ಅಣ್ಣತಮ್ಮಂದಿರು ಎಂದು ನಾನಾ ಅವರು ಭಾಷಣ ಮಾಡಿದರು, ಗುತ್ತಿಗೆದಾರ ಕೈ ಕುಲುಕಿದ, ಫೋಟೋ ತೆಗೆದರು. ಅದರ ಮರುದಿನವೇ ದಾರಿಗೆ ಜಾಲಿಯ ಮುಳ್ಳು ಬಿತ್ತು. ಎರಡು ದಿನದಲ್ಲಿ, ಹೆದ್ದಾರಿಯ ಅಂಚಿನಲ್ಲಿ ಕೊಡ ಹೊತ್ತು ಬರುತ್ತಿದ್ದ ಹುಡುಗಿಯೊಬ್ಬಳ ಹಣೆಗೆ ಕಲ್ಲು ಬಿತ್ತು. ಬರುವ ಭಾನುವಾರ ಇಡೀ ವಾಡಿ ಕ್ಯಾಂಪಿಗೆ ಮೋರ್ಚಾ ಹೋಗುವುದೆಂದು ಊರಲ್ಲಿ ಡಂಗುರವಾಯಿತು. ಗುತ್ತಿಗೆದಾರ ಬಂದು, ಅಷ್ಟರೊಳಗೆ ಎಲ್ಲರನ್ನೂ ಲಾರಿಗೆ ತುಂಬಿಸಿ ಊರಿಗೆ ಕಳಿಸಿಬಿಡುತ್ತೇನೆ, ಬೇರೆ ಕಡೆಯ ಜನ ಸಿಗುತ್ತಾರೆ ಎಂದ. ಸಾಮಾನು ಸಾಗಿಸುವ ಮಾತಿನಂತಿತ್ತು.

ಗಾಯಕವಾಡರ ಕೋಣೆಗೆ ಹೋಗಿ ಹೇಳಿದೆ. “ಸರ್, ಅವತ್ತು ಕೂತವರಲ್ಲಿ ಒಬ್ಬರೂ ಆ ದಾರಿಯಲ್ಲಿ ನಡೆಯುವವರಲ್ಲ. ನಡೆಯುವವರು ಹೆಂಗಸರು. ಅವರನ್ನು ಕರೆಯೋಣ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರ ಬಂದವರು. “ಹೆಂಗಸರನ್ನು ಕೂಡಿಸಿದರೆ ಹಳೆಯದೆಲ್ಲ ಹೊರಗೆ ಬರುತ್ತದೆ ಮ್ಯಾಡಮ್. ಒಂದು ಜಗಳ ಹತ್ತಾಗುತ್ತದೆ.”

“ಈಗ ಒಂದೇ ಇದೆಯೇ ಸರ್?”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ಹೋಗಿ ಮಾತಾಡಿ ನೋಡಿ. ಆದರೆ ತುಂಬ ಹತ್ತಿರ ಹೋಗಬೇಡಿ.”

ಕ್ಯಾಂಪಿಗೆ ಹೋದಾಗ ಒಲೆಗಳು ಹೊತ್ತಿದ್ದವು. ಸಾಲಿನುದ್ದಕ್ಕೂ ರೊಟ್ಟಿ ಬಡಿಯುವ ಸದ್ದು. ನಾನು ಒಳಗೆ ಹೆಜ್ಜೆಯಿಟ್ಟಂತೆಲ್ಲ ಆ ಸದ್ದು ಒಂದೊಂದೇ ಒಲೆಯ ಮುಂದೆ ನಿಲ್ಲುತ್ತಾ ಹೋಯಿತು. ಕೊನೆಗೆ ತಗಡಿನ ಮೇಲೆ ಮಳೆಯ ಸದ್ದಷ್ಟೇ ಉಳಿಯಿತು. ಏನು ಹೇಳಬೇಕೆಂದು ತೋಚದೆ, “ಯಾಕ್ರೀ, ರೊಟ್ಟಿ ನಿಲ್ಲಿಸಿದ್ರಿ? ಹೊತ್ತತಾವಲ್ಲ” ಎಂದುಬಿಟ್ಟೆ.

ಹಲ್ಲಿಲ್ಲದ ಮುದುಕಿಯೊಬ್ಬಳು ತಲೆ ಎತ್ತಿದಳು. ಎಲ್ಲರೂ ಅವಳನ್ನು ಬಸಮ್ಮಾಯಿ ಎನ್ನುತ್ತಿದ್ದರು. “ಪೊಲೀಸವ್ವಗ ಕನ್ನಡ ಬರ್ತದ?”

“ನಮ್ಮ ಮನಿ ಮಾತು ಅದ ಆಯಿ.”

“ಯಾ ಊರು?”

“ಬೈಲಹೊಂಗಲ ಕಡೆ. ಹುಟ್ಟಿದ್ದು ಇಲ್ಲೇ.”

“ಹಂಗಂತೀನಿ,” ಮುದುಕಿ ನಕ್ಕಳು. “ಮಾತು ನಮ್ಮದು, ಅದಕ್ಕ ಮರಾಠಿ ಸೀರಿ ಉಡಿಸೀದಿ. ಕೂಡ ಬಾ. ಒಂದ್ ರೊಟ್ಟಿ ತಿನ್ನು.”

ತಿಂದೆ. ಪುಂಡಿಪಲ್ಯ ಹಚ್ಚಿ ಕೊಟ್ಟರು. ಬಹಳ ದಿನದ ಮೇಲೆ ಯಾರೋ ನನ್ನ ಮುಂದೆ ಕೂತು ನಾನು ತಿನ್ನುವುದನ್ನು ನೋಡುತ್ತಿದ್ದರು. ಆದರೆ ಜಗಳದ ಮಾತು ತೆಗೆದೊಡನೆ ಒಬ್ಬೊಬ್ಬರೇ ಎದ್ದು ಹೋದರು. ಉಳಿದವಳು ನೀಲಮ್ಮ ಮಾತ್ರ, ಮಲ್ಲಪ್ಪನ ಅತ್ತಿಗೆ. ಇಪ್ಪತ್ತೈದರ ಒಳಗಿನವಳು. ತೊಡೆಯ ಮೇಲೆ ಹಾಲು ಕುಡಿಯುವ ಕೂಸು. ನಾನು ಏಳುವಾಗ ಒಂದೇ ಪ್ರಶ್ನೆ ಕೇಳಿದಳು. “ನಮ್ಮ ಮೈದುನಗ ಎಷ್ಟ ವರ್ಷ ಆಗ್ತದ್ರಿ?”

“ಬಾಯಿ ಬಿಡಲಿಲ್ಲಂದ್ರ ಭಾಳ ಆಗ್ತದ.”

ಅವಳ ಮುಖ ಇಳಿಯಿತು. ಮಾರನೆಯ ದಿನ ನಾನು ಮತ್ತೆ ಹೋದೆ. ಅದರ ಮಾರನೆಯ ದಿನ ಅವಳೇ ನನ್ನನ್ನು ಮನೆಯ ಹಿಂದಕ್ಕೆ ಕರೆದಳು.

ಸಾಗರ ಬಹಳ ದಿನದಿಂದ ಬೈಕಿನಲ್ಲಿ ಹೆಂಗಸರ ಹಿಂದೆ ಬರುತ್ತಿದ್ದನಂತೆ. ಹಾಡು ಹಾಕುವುದು, ಫೋನು ಹಿಡಿದು ಫೋಟೋ ತೆಗೆಯುವುದು. ಅವತ್ತು ಬೆಳಿಗ್ಗೆ ನೀಲಮ್ಮ ಒಬ್ಬಳೇ ಇದ್ದಳು. ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ. ಬೈಕು ಅಡ್ಡ ನಿಲ್ಲಿಸಿ ಸೆರಗು ಹಿಡಿದು ಎಳೆದ. ಕೊಡ ಬಿತ್ತು. ಹಿಂದೆ ಟ್ರ್ಯಾಕ್ಟರ್ ತರುತ್ತಿದ್ದ ಮಲ್ಲಪ್ಪ ಕಂಡ. ನಿಲ್ಲಿಸಲಿಲ್ಲ.

“ಗಂಡಗ ಹೇಳಿಯೇನು?”

“ಇಲ್ರಿ. ಹೇಳಿದ್ರ, ನೀ ಯಾಕ ಒಬ್ಬಾಕಿ ಹೋಗಿದ್ದಿ ಅಂತಾನ. ಮೊದಲ ಕೇಳೂದು ಅದನ.” ಕೂಸಿನ ತಲೆ ಸವರಿದಳು. “ಅಲ್ಲೊಬ್ಬಾಕಿ ನೋಡ್ಯಾಳ್ರಿ. ಮೆಂತ್ಯದ ಹೊಲದಾಗ ಬಗ್ಗಿದ್ಲು, ಕೊಡ ಬಿದ್ದ ಸಪ್ಪಳಕ್ಕ ಎದ್ದ ನಿಂತ್ಲು. ನಾ ಅಕಿ ಕಣ್ಣಾಗ ಕಣ್ಣಿಟ್ಟ ನೋಡೀನಿ.”

“ಯಾರಾಕಿ?”

“ಆ ಹುಡುಗನ ಅವ್ವ.”

ದೂರು ಕೊಡು ಎಂದೆ. ತಲೆಯಲ್ಲಾಡಿಸಿದಳು. ಸಭೆಗೆ ಬಂದು ಹೇಳು ಎಂದೆ. ಅದಕ್ಕೂ ಇಲ್ಲ. ಚೌಕಿಗೆ ಬಂದು ಲಾಕಪ್ಪಿನ ಸರಳಿನ ಮುಂದೆ ಕೂತು ಮಲ್ಲಪ್ಪನಿಗೆ ಕನ್ನಡದಲ್ಲಿ ಹೇಳಿದೆ. ನನಗೆ ಎಲ್ಲ ಗೊತ್ತಾಗಿದೆ, ನೀನೇ ಬಾಯಿ ಬಿಟ್ಟರೆ ಕೇಸು ಹಗುರಾಗುತ್ತದೆ ಎಂದೆ. ಅವನು ನನ್ನ ಮುಖ ನೋಡದೆ ಮಾತಾಡಿದ. “ಬ್ಯಾಡ್ರಿ ಅಕ್ಕಾರ. ನಾ ಗಂಡಸ, ಜೈಲಿಗೆ ಹೋಗಿ ತಿರುಗಿ ಬರ್ತೀನಿ. ಅಕಿ ಹೆಸರು ಹೋದ್ರ ತಿರುಗಿ ಬರ್ತದೇನ್ರಿ?”

ಸಾಗರನ ತಾಯಿ ಶಕುಂತಲಾಬಾಯಿ ಸೊಪ್ಪು ಬೆಳೆದು ತಾನೇ ಪೇಟೆಗೆ ಹೊತ್ತು ಮಾರುವವಳು. ಐವತ್ತರ ಹೆಂಗಸು, ಮಳೆಗೆ ಸುಲಿದ ಬೆರಳುಗಳು. ಮಗ ಒಳಗೆ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ನನಗೆ ಚಹಾ ಕೊಟ್ಟಳು. ಅವತ್ತು ಏನು ನೋಡಿದಿರಿ ಎಂದು ಮರಾಠಿಯಲ್ಲಿ ಕೇಳಿದೆ.

“ಏನೂ ಇಲ್ಲ. ಮೆಂತ್ಯ ಕೀಳುತ್ತಿದ್ದೆ. ಬಗ್ಗಿದವಳಿಗೆ ನೆಲ ಬಿಟ್ಟು ಏನು ಕಾಣುತ್ತದೆ?”

“ಕೊಡ ಬಿದ್ದ ಸದ್ದು ಕೇಳಲಿಲ್ಲವೇ?”

ಅವಳು ಒಳಗೆ ಮಲಗಿದ್ದ ಮಗನತ್ತ ನೋಡಿದಳು. “ಮ್ಯಾಡಮ್, ನೀವು ಪಾಟೀಲರ ಮಗಳು. ನಮ್ಮವರು. ನನ್ನ ಮಗನ ಕಾಲು ನೋಡಿದಿರಲ್ಲ. ನೋಡಿದ ಮೇಲೂ ಆ ಕಾನಡಿ ಜನರ ಕಡೆ ಮಾತಾಡುತ್ತೀರಾ?”

ನಾನೂ ಕನ್ನಡದವಳೇ ಎಂದು ಹೇಳಿದೆ. ಹೇಳಬಾರದಿತ್ತೋ ಏನೋ, ಸುಳ್ಳಾಗಿ ಕೂರಲು ಆಗಲಿಲ್ಲ. ಶಕುಂತಲಾಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಾನು ಮುಗಿಸದ ಚಹಾದ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮ್ಯಾಡಮ್ ಕಾನಡಿ, ಅದಕ್ಕೇ ಕ್ಯಾಂಪಿನಲ್ಲಿ ಕೂತು ರೊಟ್ಟಿ ತಿನ್ನುತ್ತಾಳೆ. ಚೌಕಿಯಲ್ಲೂ ಹವಾಲ್ದಾರರೊಬ್ಬರು, “ಇಷ್ಟು ದಿನ ಹೇಳಲೇ ಇಲ್ಲವಲ್ಲ ಮ್ಯಾಡಮ್” ಎಂದರು. ಬೈದದ್ದಲ್ಲ, ಬೇಸರವಾಗಿತ್ತು ಅವರಿಗೆ. ಅತ್ತ ಕ್ಯಾಂಪಿನಲ್ಲಿ, ನಾನು ಸಾಗರನ ಮನೆಯಲ್ಲಿ ಚಹಾ ಕುಡಿದ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಮರುದಿನ ಹೋದಾಗ ಬಸಮ್ಮಾಯಿಯೂ ಕೂಡು ಎನ್ನಲಿಲ್ಲ. ಆ ಸಂಜೆ ಅವ್ವನ ಫೋನು ಬಂದಾಗ ಏನು ಉಂಡೆನೆಂದು ನೆನಪಾಗಲಿಲ್ಲ. ಉಂಡಿರಲೇ ಇಲ್ಲ. ಅನ್ನ, ಸಾರು ಎಂದೆ.

ಶನಿವಾರ ಎರಡನೆಯ ಸಭೆ. ಮೋರ್ಚಾದ ಹಿಂದಿನ ದಿನ. ಈ ಸಲ ಊರಿನ ಸಮಾಜಮಂದಿರದಲ್ಲಿ. ಎರಡೂ ಕಡೆಯ ಹೆಂಗಸರನ್ನು ಕರೆಯಲು ಗಾಯಕವಾಡರು ಒಪ್ಪಿದ್ದರು. ನಾನಾ ಅವರಿಗೆ ಅದು ಸರಿಬರಲಿಲ್ಲ. “ಬಾಗಿಲ ಹತ್ತಿರ ಕೂತು ಕೇಳಲಿ” ಎಂದರು. ಗಾಯಕವಾಡರು ನನ್ನತ್ತ ನೋಡಿದರು. ನಾನು ಗಂಡಸರು ಕೂತಿದ್ದ ಜಮಖಾನೆಯ ಎದುರಿನಲ್ಲಿ ಇನ್ನೊಂದು ಜಮಖಾನೆ ಹಾಸಿದೆ. ಊರಿನ ಏಳೆಂಟು ಹೆಂಗಸರು ಬಂದು ಒಂದು ಅಂಚಿನಲ್ಲಿ ಕೂತರು. ಶಕುಂತಲಾಬಾಯಿ ಅವರಲ್ಲಿದ್ದಳು, ಮಗನ ಪರವಾಗಿ ಗಟ್ಟಿಯಾಗಿ ಮಾತಾಡಲೆಂದು ಊರವರೇ ಕರೆತಂದಿದ್ದರು. ಕ್ಯಾಂಪಿನ ಕಡೆಯ ಜಾಗ ಖಾಲಿ ಇತ್ತು. ಬಹಳ ಹೊತ್ತು ಖಾಲಿಯೇ ಇತ್ತು. ಯಾರೂ ಬರಲಾರರು ಎಂದುಕೊಳ್ಳುವಷ್ಟರಲ್ಲಿ ಬಸಮ್ಮಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ಕಂಡಳು. ಅವಳ ಹಿಂದೆ ಹಣೆಗೆ ಪಟ್ಟಿ ಕಟ್ಟಿಕೊಂಡ ಆ ಹುಡುಗಿ. ಅವಳ ಹಿಂದೆ, ಕೂಸನ್ನು ಎತ್ತಿಕೊಂಡ ನೀಲಮ್ಮ.

ನೀಲಮ್ಮ ಕನ್ನಡದಲ್ಲಿ ಹೇಳಿದಳು, ನಾನು ಮರಾಠಿಯಲ್ಲಿ ಹೇಳುತ್ತಾ ಹೋದೆ. ಅವತ್ತಿನ ಮಾತು ಅವಳು ಎತ್ತಲೇ ಇಲ್ಲ. “ನಮಗ ಬ್ಯಾರೆ ಏನೂ ಬ್ಯಾಡ್ರಿ. ದಾರಿ ಬಿಡ್ರಿ. ಕೂಸಿಗಿ ಸೂಜಿ ಹಾಕಸೂದದ. ದೊಡ್ಡ ರಸ್ತಿಮ್ಯಾಲ ಲಾರಿ ಗಾಳಿಗಿ ಕೂಸ ಕೈಯಾಗಿಂದ ಹಾರಿ ಹೋದಂಗ ಆಗ್ತದ.”

ನಾನಾ ಗಂಟಲು ಸರಿ ಮಾಡಿಕೊಂಡರು. “ದಾರಿ ಊರಿನದು. ಈ ಹೆಂಗಸರು ಹೊತ್ತಲ್ಲದ ಹೊತ್ತಿನಲ್ಲಿ ನಗುತ್ತಾ, ಕಿಲಕಿಲ ಮಾಡುತ್ತಾ ಅಲ್ಲಿ ಓಡಾಡುತ್ತಾರೆ. ನಮ್ಮ ಹುಡುಗರು ವಯಸ್ಸಿಗೆ ಬಂದವರು. ನಾಳೆ ಒಂದು ಹೋಗಿ ಇನ್ನೊಂದಾದರೆ ಹೊಣೆ ಯಾರು? ಹೆಂಗಸರನ್ನು ಹದ್ದುಬಸ್ತಿನಲ್ಲಿಡಲು ಅವರ ಗಂಡಸರಿಗೆ ಹೇಳಿ.”

ಇದನ್ನು ಕನ್ನಡಕ್ಕೆ ತಿರುಗಿಸಲು ನನಗೆ ಬಾಯಿ ಬರಲಿಲ್ಲ. ನೀಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. “ಏನಂದರ್ರಿ ಅವರು?” ಎಂದಳು.

“ಸುಳ್ಳು.”

ಆ ಮಾತು ಬಂದದ್ದು ಊರಿನ ಹೆಂಗಸರ ನಡುವಿನಿಂದ. ಶಕುಂತಲಾಬಾಯಿ ಎದ್ದು ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

“ಅವರು ನಗುವುದಿಲ್ಲ. ಆ ದಾರಿಯ ಪಕ್ಕದಲ್ಲಿ ನನ್ನ ಹೊಲ. ದಿನಾ ನೋಡುತ್ತೇನೆ. ತಲೆ ತಗ್ಗಿಸಿ ಬರುತ್ತಾರೆ, ತಲೆ ತಗ್ಗಿಸಿ ಹೋಗುತ್ತಾರೆ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನೀರಿಗೆ ಹೋಗುತ್ತಿದ್ದೆನಲ್ಲ, ಹಾಗೆ.” ಸೆರಗು ಬಿಟ್ಟು ನೀಲಮ್ಮನತ್ತ ಕೈ ತೋರಿಸಿದಳು. “ಸಾಗರ ಅವಳ ಸೆರಗಿಗೆ ಕೈ ಹಾಕಿದ. ಇವಳದೇ. ನಾನು ನೋಡಿದೆ. ಟ್ರ್ಯಾಕ್ಟರಿನವನು ಅದನ್ನು ನೋಡಿಯೇ ನುಗ್ಗಿಸಿದ.”

ಅವಳ ಗಂಡ, ಗಂಡಸರ ಸಾಲಿನ ತುದಿಯಲ್ಲಿದ್ದವನು, “ತಲೆ ಕೆಟ್ಟಿದೆಯೇನೇ ನಿನಗೆ?” ಎಂದು ಕೂಗಿದ. ಅವಳು ಅವನತ್ತ ತಿರುಗಲಿಲ್ಲ. ಗಾಯಕವಾಡರನ್ನು ನೋಡಿ, “ಬರೆದುಕೊಳ್ಳಿ ಸಾಹೇಬ. ಮನೆಗೆ ಹೋದರೆ ಮತ್ತೆ ಹೇಳಲು ನನ್ನಿಂದಾಗುವುದಿಲ್ಲ” ಎಂದಳು. ಗಂಡ ಎದ್ದು ಚಪ್ಪಲಿ ಮೆಟ್ಟದೆ ಮಳೆಯಲ್ಲಿ ಹೊರಟುಹೋದ. ಅವಳ ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

ನೀಲಮ್ಮನಿಗೆ ಮರಾಠಿ ಅರ್ಥವಾಗದಿದ್ದರೂ ಅದು ಅರ್ಥವಾಗಿತ್ತು. ತಲೆ ತಗ್ಗಿಸಿ ಕೂಸನ್ನು ಅವುಚಿಕೊಂಡಿದ್ದಳು. ನಾನು ಅವಳ ಬಳಿ ಕೂತು ಕಿವಿಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಕೇಸು ಕೊಡುತ್ತೀಯಾ ಎಂದೂ ಕೇಳಿದೆ. ಅವಳು, “ಅವರವ್ವನ ಹೇಳ್ಯಾಳಲ್ರಿ. ಇನ್ನ ಕೇಸ್ ಬ್ಯಾಡ. ಮಲ್ಲಪ್ಪನ್ನ ಬಿಡ್ರಿ. ದಾರಿ ಬಿಡ್ರಿ” ಎಂದಳು. ನನಗೆ ಸಮಾಧಾನವಿರಲಿಲ್ಲ. ಆದರೆ ನಿರ್ಧಾರ ಅವಳದಾಗಿತ್ತು.

ಮೋರ್ಚಾ ನಡೆಯಲಿಲ್ಲ. ಭಾನುವಾರ ಮುಳ್ಳು ತೆಗೆದರು, ತೆಗೆದವರಲ್ಲಿ ಊರಿನ ಹೆಂಗಸರೇ ಹೆಚ್ಚು. ಕೊಲೆ ಯತ್ನದ ಆರೋಪ ಬಿದ್ದುಹೋಯಿತು, ಸಣ್ಣ ಕೇಸು ಉಳಿದು ಮಲ್ಲಪ್ಪನಿಗೆ ಜಾಮೀನಾಯಿತು. ಮತ್ತೆ ಹೀಗೆ ಮಾಡುವುದಿಲ್ಲವೆಂದು ಸಾಗರನಿಂದಲೂ ಅವನ ಗೆಳೆಯರಿಂದಲೂ ಬಾಂಡ್ ಬರೆಸಿಕೊಂಡೆವು. ಸಮಿತಿಯಲ್ಲಿ ಎರಡೂ ಕಡೆಯಿಂದ ಹೆಂಗಸರು ಇರತಕ್ಕದ್ದೆಂದು ಗಾಯಕವಾಡರು ತಾವೇ ಹೇಳಿ ಮಾಡಿಸಿದರು. ಆ ಮಳೆಗಾಲದಲ್ಲಿ ಮತ್ತೆ ಕಲ್ಲು ಬೀಳಲಿಲ್ಲ.

ಬಿದ್ದದ್ದು ಬೇರೆ. ಶಕುಂತಲಾಬಾಯಿಯ ಮನೆಯಲ್ಲಿ ಗಂಡ, ಮಗ ಇಬ್ಬರೂ ಅವಳೊಡನೆ ಮಾತು ಬಿಟ್ಟರು. ಪೇಟೆಗೆ ಸೊಪ್ಪು ಒಯ್ಯುವ ಟೆಂಪೋದಲ್ಲಿ ಅವಳ ಪಕ್ಕದಲ್ಲಿ ಜಾಗ ಖಾಲಿ ಬಿಟ್ಟು ಕೂರುತ್ತಿದ್ದರು. ದಾರಿಯಲ್ಲಿ ಎದುರಾದರೆ ಊರವರು ನನ್ನನ್ನೂ ಮಾತಾಡಿಸುತ್ತಿರಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ನೀಲಮ್ಮನ ಗಂಡ ಅವಳನ್ನು ಊರಿಗೆ ಕಳಿಸಲು ನಿರ್ಧರಿಸಿದ. ಹೊಡೆಯಲಿಲ್ಲ, ಬೈಯಲಿಲ್ಲ. ಇಲ್ಲಿ ಬೇಡ ಎಂದಷ್ಟೇ ಹೇಳಿದನಂತೆ.

ನಾನು ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋದೆ, ಸಾದಾ ಸಲ್ವಾರಿನಲ್ಲಿ. ಯಾದಗಿರಿಯ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಮಲ್ಲಪ್ಪ ಗಂಟುಗಳನ್ನು ಮೇಲೆ ಹಾಕುತ್ತಿದ್ದ. ಕೂಸಿಗೆ ಬಿಸ್ಕತ್ತು ಕೊಡಿಸಿದೆ. ಹೆದರಿಕೆಯಾಗಿ, “ನನ್ನ ಮ್ಯಾಲ ಸಿಟ್ಟು ಬಂದದೇನು?” ಎಂದು ಕೇಳಲು ಹೋಗಿ, “ನನ್ನ ಮ್ಯಾಲ” ಎಂದಷ್ಟೇ ಬಾಯಿಗೆ ಬಂತು.

ಅವಳಿಗೆ ತಿಳಿಯಿತು. “ನಿಮ್ಮ ಮ್ಯಾಲ ಯಾಕ್ರಿ ಅಕ್ಕಾರ? ನಾ ನನ್ನ ಕಾಲಿಲೆ ನಡದ ಬಂದೀನಿ ಅವತ್ತ.” ನನ್ನ ಫೋನು ನಂಬರನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು. “ನಿಮಗ ಇಲ್ಲಿ ಯಾರದಾರ್ರಿ?”

ಅವ್ವ, ಅಣ್ಣ ಇದ್ದಾರೆ, ಇಲ್ಲೇ ಹತ್ತಿರ ಎಂದೆ. ಅವಳು ಹೂಂ ಎಂದಳು, ಬಸ್ಸು ಹೊರಡುವವರೆಗೂ ನನ್ನ ಕೈ ಬಿಡಲಿಲ್ಲ. ಬಸ್ಸು ಹೋದಮೇಲೆ ಅಣ್ಣನ ಮನೆಗೆ ಹೋಗಬಹುದಿತ್ತು, ನಡೆದು ಹೋಗುವಷ್ಟೇ ದೂರ. ಹೋಗಲಿಲ್ಲ. ತಳೇಗಾಂವಕ್ಕೆ ಮರಳಿ, ಹಗ್ಗದ ಮೇಲಿನ ಅಂಗಿ ಒಣಗಿದೆಯೇ ಎಂದು ಮುಟ್ಟಿ ನೋಡಿದೆ. ದೀಪಾವಳಿಗೆ ಮುಂಚೆ ನನಗೆ ಬೇರೆ ಕಡೆಗೆ ವರ್ಗವಾಯಿತು.

ಈ ಸಲ ಕ್ಯಾಂಪಿನಿಂದ ಮತ್ತೆ ಜೀಪು ಹತ್ತಿ ಆ ದಾರಿಗೆ ಹೋದಾಗ ಅದು ಸಿಮೆಂಟಿನದಾಗಿತ್ತು. ಹೊಲಗಳಲ್ಲಿ ಅರ್ಧಕ್ಕರ್ಧ ಪ್ಲಾಟುಗಳಾಗಿದ್ದವು. ಒಂದು ಹೊಲ ಉಳಿದಿತ್ತು. ಅದರಲ್ಲಿ ತಲೆಗೆ ಗೋಣಿಚೀಲ ಹಾಕಿಕೊಂಡು ಬಗ್ಗಿದ್ದವಳು ಜೀಪಿನ ಸದ್ದಿಗೆ ಎದ್ದು ನಿಂತಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಹತ್ತಿರ ಹೋಗುವವರೆಗೂ ಗುರುತು ಹತ್ತಲಿಲ್ಲ ಅವಳಿಗೆ. ಹತ್ತಿದಮೇಲೆ, “ಕಾನಡಿ ಮ್ಯಾಡಮ್” ಎಂದಳು. ಬಯ್ಗುಳದ ಹಾಗಿರಲಿಲ್ಲ.

ಬದುವಿನ ಮೇಲೆ ಕೂತೆವು. ಗಂಡ ತೀರಿಕೊಂಡನಂತೆ. ಸಾಗರನಿಗೆ ಮದುವೆಯಾಗಿದೆ. ಹೆಣ್ಣು ನೋಡಲು ಹೋದಲ್ಲೆಲ್ಲ ಇವಳೇ ಮೊದಲು ಆ ಸಂಗತಿ ಹೇಳಿಬಿಡುತ್ತಿದ್ದಳಂತೆ. ಎರಡು ಕಡೆ ತಪ್ಪಿಹೋಯಿತು. ಮೂರನೆಯ ಹುಡುಗಿ ಸಾಗರನೊಬ್ಬನನ್ನೇ ಕರೆದು ಕೂರಿಸಿ ಕೇಳಿದಳಂತೆ. ಒಳಗೆ ಏನು ಮಾತಾಯಿತೋ, ಅವಳೇ ಈಗ ಸೊಸೆ.

“ಸಾಗರ ಮಾತಾಡುತ್ತಾನೆಯೇ?”

“ಬೇಕಾದಷ್ಟಕ್ಕೆ ಮಾತಾಡುತ್ತಾನೆ. ಸಮಿತಿಗೆ ಈಗಲೂ ಹೋಗುತ್ತೇನೆ ನಾನು. ಈಗ ಕ್ಯಾಂಪಿಗೆ ಬೇರೆ ಬೇರೆ ಕಡೆಯವರು ಬರುತ್ತಾರೆ. ಜಗಳ ಇದ್ದೇ ಇರುತ್ತದೆ.” ಮಣ್ಣಿನ ಬೆರಳುಗಳನ್ನು ಹುಲ್ಲಿಗೆ ಒರೆಸಿದಳು. “ಆ ಹುಡುಗಿ ಹೇಗಿದ್ದಾಳೆ?”

ಯುಗಾದಿಗೆ ಯಾವಾಗಲಾದರೊಮ್ಮೆ ಫೋನು ಮಾಡುತ್ತಾಳೆ ಎಂದೆ. ಈಗ ಗಂಡನ ಜೊತೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ. ಕೂಸು ಊರಿನಲ್ಲಿ ಅಜ್ಜಿಯ ಬಳಿ ಶಾಲೆಗೆ ಹೋಗುತ್ತದೆ.

ಶಕುಂತಲಾಬಾಯಿ ತಲೆಯ ಮೇಲಿನ ಗೋಣಿಚೀಲವನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು. “ಅವತ್ತು ಇಡೀ ಊರಿಗೆ ಕೇಳುವ ಹಾಗೆ ಹೇಳಿದೆ ನಾನು. ಅವಳಿಗೆ ಮಾತ್ರ ಏನೂ ಹೇಳಲಿಲ್ಲ. ಅವಳ ಮಾತು ನನಗೆ ಬರುತ್ತಿರಲಿಲ್ಲ. ನೀವೇ ಅವಳ ಕಿವಿಯಲ್ಲಿ ಹೇಳಿದಿರಿ.”

ನಾನು ಫೋನು ತೆಗೆದು ನೀಲಮ್ಮನ ನಂಬರು ಒತ್ತಿದೆ. ಬಹಳ ಹೊತ್ತು ರಿಂಗಾಗಿ, ಕಾಂಕ್ರೀಟ್ ಯಂತ್ರದ ಗಡಗಡದ ನಡುವೆ ಅವಳ ದನಿ ಬಂತು. “ಅಕ್ಕಾರ! ಏನ್ರಿ ಇಷ್ಟೊತ್ತಿನ್ಯಾಗ?” ಯಾರ ಪಕ್ಕದಲ್ಲಿ ಕೂತಿದ್ದೇನೆಂದು ಹೇಳಿದೆ. ಯಂತ್ರದ ಸದ್ದು ಹಿಂದಕ್ಕೆ ಸರಿಯಿತು, ಅವಳು ದೂರ ನಡೆದು ಬಂದಿರಬೇಕು. ಆಮೇಲೆ, “ಕೊಡ್ರಿ ಅಕಿಗಿ” ಎಂದಳು. ಏನಾದರೂ ತಿರುಗಿಸಿ ಹೇಳಬೇಕಾದೀತೆಂದು ನಾನು ಫೋನಿನ ಬಳಿಯೇ ಕಿವಿ ಇಟ್ಟೆ.

ಶಕುಂತಲಾಬಾಯಿ ಎರಡು ಕೈಯಲ್ಲೂ ಫೋನು ಹಿಡಿದು ಮರಾಠಿಯಲ್ಲಿ ಕೇಳಿದಳು. “ಪೋರೀ, ಊಟ ಆಯಿತಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತಲಿಂದ ಉತ್ತರ ಬಂತು, ತಡವರಿಸುವ ಮರಾಠಿಯಲ್ಲಿ. ಕ್ಯಾಂಪಿನ ದಿನಗಳಲ್ಲೇ ಕಲಿತಿದ್ದಳೋ, ಆಮೇಲೆ ಯಾವ ಊರಿನ ಯಾವ ಕಟ್ಟಡದಲ್ಲಿ ಕಲಿತಳೋ. “ಆಯಿತು ಆಯಿ. ನಿಮ್ಮದು?”

ಶಕುಂತಲಾಬಾಯಿ ನನ್ನತ್ತ ಬೆನ್ನು ತಿರುಗಿಸಿ, ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡು, ಹೊಲದೊಳಕ್ಕೆ ನಡೆಯುತ್ತಾ ಮಾತಾಡತೊಡಗಿದಳು. ಮಾತು ಕ್ರಮೇಣ ನನಗೆ ಕೇಳಿಸದಾಯಿತು. ಮಳೆ ಸಣ್ಣಗೆ ಹಿಡಿದಿತ್ತು. ಡ್ರೈವರ್ ಹಾರ್ನ್ ಹಾಕಿದ. ಇನ್ನೂ ಸ್ವಲ್ಪ ಹೊತ್ತು ಎಂದು ಅವನಿಗೆ ಕೈಸನ್ನೆ ಮಾಡಿ, ಬದುವಿನ ಮೇಲೆ ನಾನೊಬ್ಬಳೇ ಕೂತೆ.